ಶರಣಬಸಮ್ಮನ ಸಹಿ

ಸೊಸೆಯನ್ನು ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಶರಣಬಸಮ್ಮ ಮತ್ತೆ ಗ್ಯಾಸ್ ಒಲೆ ಹೊತ್ತಿಸಿ ಹಂಚು ಇಟ್ಟಳು. ಮೂರು ದಿನ ಓಣಿಯವರು ಪೂರಿ, ಕುಂಬಳಕಾಯಿ ಪಲ್ಯ ತಂದುಕೊಟ್ಟಿದ್ದರು. ನಾಲ್ಕನೆಯ ದಿನ ಯಾರೂ ತರಲಿಲ್ಲ. ಆಳಂದದಿಂದ ಬಂದ ಯಾತ್ರಿಕರು ಕೊಟ್ಟ ಜೋಳದ ಹಿಟ್ಟು ಡಬ್ಬಿಯಲ್ಲಿತ್ತು. ಅವಳು ಹಿಟ್ಟು ನಾದಿದಳು, ಬಡಿದಳು, ಬೇಯಿಸಿದಳು. ಎಂಟು ರೊಟ್ಟಿಯಾದ ಮೇಲೆ, ಯಾವಾಗಲೂ ಹತ್ತು ಮಾಡುತ್ತಿದ್ದೆನಲ್ಲ ಎಂದು ಇನ್ನೆರಡು ಬಡಿದಳು. ಆಮೇಲೆ ಆ ಎರಡನ್ನು ನೋಡುತ್ತ ನಿಂತಳು. ಅಳು ಬರಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಜಂಗಮವಾಡಿ ಮಠದ ಓಣಿಯಲ್ಲಿ ಅವರದು ಎರಡು ಕೋಣೆಯ ಮನೆ. ಗಂಡ ಮರುಳಸಿದ್ದಯ್ಯ ಮೂವತ್ತೊಂದು ವರ್ಷದ ಹಿಂದೆ ಮಠಕ್ಕೆ ಕೆಲಸಕ್ಕೆಂದು ಬಂದವನು. ಕರ್ನಾಟಕದ ಯಾತ್ರಿಕರಿಗೆ ಕೋಣೆ ಕೊಡುವುದು, ಬೀಗ ಚಾವಿ ನೋಡಿಕೊಳ್ಳುವುದು ಅವನ ಕೆಲಸ. ಮಗ ಈಶ ಗೋದೌಲಿಯಾದ ಒಂದು ಸೀರೆ ಅಂಗಡಿಯಲ್ಲಿದ್ದ. ಮಗಳು ಶಿವಾನಿ ಬಿ.ಎ. ಕೊನೆಯ ವರ್ಷ. ಇಬ್ಬರೂ ಇಲ್ಲೇ ಹುಟ್ಟಿದವರು, ಬಾಯಿಗೆ ಮೊದಲು ಬರುತ್ತಿದ್ದುದು ಹಿಂದಿಯೇ. ಕನ್ನಡ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ದಿನವಿಡೀ ಬಾಯಿತುಂಬ ಕನ್ನಡ ಆಡುತ್ತಿದ್ದವರು ಶರಣಬಸಮ್ಮ ಮತ್ತು ಸೊಸೆ ನೀಲಗಂಗಾ. ಎರಡು ವರ್ಷದ ಹಿಂದೆ ಅಫಜಲಪುರದಿಂದ ಮದುವೆಯಾಗಿ ಬಂದ ಆ ಹುಡುಗಿಗೆ ಇಪ್ಪತ್ತನಾಲ್ಕು.

ಬೆಳಿಗ್ಗೆ ಹನ್ನೊಂದಕ್ಕೆ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಗಿತ್ತು. ಹೆಣ್ಣು ಕೂಸು, ಗಟ್ಟಿಯಾಗಿ ಅತ್ತಿತು. ಆಮೇಲೆ ತಾಯಿಗೆ ರಕ್ತ ನಿಲ್ಲಲಿಲ್ಲ. ಒಂದೂವರೆಗೆ, ಇಲ್ಲಿ ಆಗುವುದಿಲ್ಲ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಅವತ್ತು ಈಶ ಅಂಗಡಿಯ ಸೀರೆ ಪ್ರದರ್ಶನಕ್ಕೆಂದು ಲಖನೌಗೆ ಹೋಗಿದ್ದ. ಹೆರಿಗೆಗೆ ಇನ್ನೂ ಹನ್ನೆರಡು ದಿನವಿದೆ ಎಂದು ಹೇಳಿದ್ದರು. ಮರುಳಸಿದ್ದಯ್ಯ ಯಾತ್ರಿಕರನ್ನು ಕರೆತರಲು ಸ್ಟೇಷನ್ನಿನಲ್ಲಿದ್ದ. ಶಿವಾನಿ ಪರೀಕ್ಷೆಯಲ್ಲಿ. ಶರಣಬಸಮ್ಮ ಒಬ್ಬಳೇ ಇ-ರಿಕ್ಷಾದಲ್ಲಿ ಕೂತಳು. ಒಂದು ತೋಳಿನಲ್ಲಿ ಕೂಸು, ಇನ್ನೊಂದು ಭುಜದ ಮೇಲೆ ಸೊಸೆಯ ತಲೆ. ಮೊದಲು ಹೋದ ಕಡೆ ಹಾಸಿಗೆ ಇಲ್ಲವೆಂದರು. ಎರಡನೆಯ ಕಡೆ ರಕ್ತವಿಲ್ಲವೆಂದರು. ಮೂರನೆಯ ಆಸ್ಪತ್ರೆಯವರು ಏನೂ ಕೇಳದೆ ಒಳಗೆ ತೆಗೆದುಕೊಂಡು ಓಡಿದರು. ಆಗ ಮೂರು ಮುಕ್ಕಾಲು. ನಾಲ್ಕು ಹತ್ತಕ್ಕೆ ಒಬ್ಬ ಎಳೆಯ ಡಾಕ್ಟರು ಹೊರಗೆ ಬಂದು, "ಮಾಜೀ, ಬಹಳ ತಡವಾಯಿತು," ಎಂದ.

ಸುಡುವ ಊರಿನಲ್ಲಿ ಹೂಳುವವರು ಇವರು. ಮಣಿಕರ್ಣಿಕಾ ಘಾಟಿನ ಕಡೆ ಹೋಗುವ ಹೆಣಗಳ ಎದುರಿನಿಂದ ದಾರಿ ಮಾಡಿಕೊಂಡು ಸೊಸೆಯನ್ನು ಒಯ್ದು ಬಂದದ್ದೂ ಆಯಿತು.

ಅಲ್ಲಿಂದ ಮುಂದೆ ಮನೆ ಕೂಸಿನ ಹೊತ್ತಿಗೆ ಸರಿಯಾಗಿ ನಡೆಯಿತು. ಎರಡು ತಾಸಿಗೊಮ್ಮೆ ಪುಡಿ ಹಾಲು. ಬಾಟಲಿ ಕುದಿಸಬೇಕು, ಆರಿಸಬೇಕು, ಕಲಸಬೇಕು.

"ಅವ್ವಾ, ಮೂರ ಚಮಚ ಅಂತ ಬರ್ದಾರ. ನೀ ನಾಕ ಹಾಕ್ಲತ್ತಿ," ಎಂದಳು ಶಿವಾನಿ.

"ಗಟ್ಟಿಯಾಗ್ಲಿ ಅಂತ."

"ಗಟ್ಟಿ ಆದ್ರ ಹೊಟ್ಟಿ ನೋಯ್ತದ. ಕೊಡ ಇಲ್ಲಿ."

ಶರಣಬಸಮ್ಮ ಕೊಟ್ಟುಬಿಟ್ಟಳು. ಮೊದಲಾಗಿದ್ದರೆ, ಇಬ್ಬರನ್ನ ಸಾಕಿದಾಕಿಗೆ ನೀ ಹೇಳ್ತೀಯೇನ ಎಂದು ಮಗಳ ಮೇಲೆ ಏರಿಹೋಗುತ್ತಿದ್ದಳು.

ಈಶ ಅಂಗಡಿಗೆ ಹೋಗತೊಡಗಿದ. ಬರುತ್ತಿದ್ದ, ತಾಟಿನ ಮುಂದೆ ಕೂತು ಉಣ್ಣುತ್ತಿದ್ದ, ಮಲಗುತ್ತಿದ್ದ. ಕೂಸನ್ನು ಎತ್ತಿಕೊಳ್ಳುತ್ತಿರಲಿಲ್ಲ. ಕೂಸಿಗೆ ಲಿಂಗ ಕಟ್ಟಿದ ದಿನ ಮಠದ ಹಾಲಯ್ಯ ಸ್ವಾಮಿಗಳು, "ತಂದಿ ತೊಡಿ ಮ್ಯಾಲ ಕೂಡಿಸ್ಕೋಬೇಕು," ಎಂದರು. ಅವನು ಕೂಡಿಸಿಕೊಂಡ. ಮುಗಿದ ಕೂಡಲೇ ತಂಗಿಯ ಕೈಗಿಟ್ಟು ಎದ್ದುಹೋದ.

ಮೂರನೆಯ ವಾರ, ಕೂಸಿನ ಜನನ ಪ್ರಮಾಣಪತ್ರಕ್ಕೆ ನರ್ಸಿಂಗ್ ಹೋಮಿನ ಚೀಟಿ ಬೇಕೆಂದು ಈಶ ಅಲ್ಲಿಗೆ ಹೋದ. ಮಧ್ಯಾಹ್ನ ಮನೆಗೆ ಬಂದವನು ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಶರಣಬಸಮ್ಮ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಮರುಳಸಿದ್ದಯ್ಯ ಉಣ್ಣುತ್ತಿದ್ದ.

"ಅವ್ವಾ, ಇದು ಯಾರ ಸಹಿ?"

ಅವನ ಕೈಯಲ್ಲಿ ಜೆರಾಕ್ಸ್ ಹಾಳೆಯಿತ್ತು. ಮೇಲೆ ಪೂರ್ತಿ ಹಿಂದಿ. ಕೆಳಗೆ ಕನ್ನಡದಲ್ಲಿ ಒಂದು ಹೆಸರು, ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಕೈಯಿಂದ ಒಂದೊಂದೇ ಅಕ್ಷರ ಬಿಡಿಸಿ ಬರೆದದ್ದು. ಈಶನಿಗೆ ಆ ಅಕ್ಷರಗಳನ್ನು ಓದಲು ಬರುತ್ತಿರಲಿಲ್ಲ. ಆದರೆ ಬ್ಯಾಂಕಿನ ಚೀಟಿಯಲ್ಲಿ, ರೇಷನ್ ಕಾಗದದಲ್ಲಿ ಚಿಕ್ಕಂದಿನಿಂದ ನೋಡಿದ್ದ ಆ ಸಾಲನ್ನು ಗುರುತು ಹಿಡಿಯಲು ಬರುತ್ತಿತ್ತು.

"ನಂದೇ," ಎಂದಳು ಶರಣಬಸಮ್ಮ.

"ಏನ ಬರ್ದಾರ ಇದ್ರಾಗ ಗೊತ್ತದೇನ ನಿನಗ?"

"ದೊಡ್ಡಾಸ್ಪತ್ರಿಗಿ ಹೋಗೋ ಚೀಟಿ ಅಂದ್ರು."

"ಅಪನೀ ಮರ್ಜೀ ಸೇ! ನಮ್ಮ ಮರ್ಜೀಲಿಂದ ನಾವೇ ಪೇಶಂಟನ್ನ ಒಯ್ಲತ್ತೀವಿ, ಡಾಕ್ಟರು ಬ್ಯಾಡ ಅಂದ್ರೂ ಕೇಳಂಗಿಲ್ಲ, ಏನರೆ ಆದ್ರ ನಾವೇ ಜಿಮ್ಮೇದಾರರು! ಕೇಳ್ಲಿಕ್ಕ ಹೋದ್ರ ಇದನ್ನೇ ನನ್ನ ಮುಖದ ಮುಂದ ಹಿಡದ್ರು ಅಂವರು. ಬೇಟಾ, ನಿಮ್ಮ ಮದರ್ ಸೈನ್ ಮಾಡ್ಯಾರ ಅಂದ್ರು. ನಾ ಏನ ಹೇಳಬೇಕು? ಹೇಳು, ಏನ ಹೇಳಬೇಕು ನಾ?"

"ಅಂವಾ ಪೆನ್ನು ಕೈಯಾಗ ಇಟ್ಟ. ಬೇಗ ಮಾಡ್ರಿ ಮಾಡ್ರಿ ಅಂದ. ಆಕಿ ಸ್ಟ್ರೆಚರ್ ಮ್ಯಾಲ ಇದ್ಲು."

"ಕೇಳಬೇಕಿಲ್ಲೇನ? ಓದಿ ಹೇಳ್ರಿ ಅನಬೇಕಿಲ್ಲೇನ? ನನಗರೆ ಫೋನ್ ಹಚ್ಚಬೇಕಿಲ್ಲೇನ?"

ಶರಣಬಸಮ್ಮ ಮೆಂತ್ಯದ ಕಡ್ಡಿಗಳನ್ನು ಒಂದು ಕಡೆ ಸರಿಸಿದಳು. ಕೇಳಬೇಕಿತ್ತು. ಅದು ಅವಳಿಗೆ ಗೊತ್ತಿತ್ತು. ಇಪ್ಪತ್ತು ದಿನ ಆ ಕಾಗದದ ಮಾತನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಕೂತ್ಕೋ, ಈಶ. ಮೊದಲ ಉಣ್ಣು," ಎಂದ ಮರುಳಸಿದ್ದಯ್ಯ.

"ಆಕಿ ಕೈಯಾಗಿಂದು ಉಣ್ಣಂಗಿಲ್ಲ ನಾ."

ಅವನು ಹೇಳಿದಂತೆಯೇ ಮಾಡಿದ. ಮರುದಿನದಿಂದ ಮಠದ ದಾಸೋಹದಲ್ಲಿ ಎರಡೂ ಹೊತ್ತು ಉಂಡು ಬರತೊಡಗಿದ. ಶರಣಬಸಮ್ಮ ಆರು ರೊಟ್ಟಿ ಮಾಡತೊಡಗಿದಳು. ಯಾರೂ ಬೇಡ ಎನ್ನಲಿಲ್ಲ, ಮಾಡು ಎನ್ನಲೂ ಇಲ್ಲ.

ಮುಂದಿನ ವಾರ ಡಾಕ್ಟರ್ ಕೃಷ್ಣವೇಣಿ ಮನೆಗೆ ಬಂದರು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮೈಸೂರಿನ ಹೆಂಗಸು. ಕನ್ನಡ ಬಳಗದ ಯುಗಾದಿ ಊಟದಲ್ಲಿ ಶಿವಾನಿಗೆ ಪರಿಚಯ. ನೆಲದ ಮೇಲೆಯೇ ಕೂತು, ಕೂಸಿನ ಪಾದ ಮುಟ್ಟಿ ನೋಡಿ, ಮಾತು ತೆಗೆದರು.

"ನೋಡಿ ಅಮ್ಮ, ನಾವೊಂದಷ್ಟು ಜನ ಸೇರಿ ಸರ್ಕಾರಕ್ಕೆ ಒಂದು ಕಾನೂನು ಕೇಳ್ತಾ ಇದೀವಿ. ಅಪಾಯದಲ್ಲಿರೋ ಪೇಶಂಟನ್ನ ಯಾವ ಆಸ್ಪತ್ರೆನೂ ಹಾಗೇ ಹೊರಗೆ ಕಳಿಸೋ ಹಾಗಿರಬಾರದು ಅಂತ. ಬರೋ ಭಾನುವಾರ ಜನ ಸುನ್ವಾಯಿ, ಅಂದರೆ ಜನರ ಅಹವಾಲು ಕೇಳೋ ಸಭೆ, ಇಟ್ಕೊಂಡಿದೀವಿ. ಅನುಭವಿಸಿದವರು ಬಂದು ಹೇಳ್ತಾರೆ, ಬರ್ಕೊಂಡು ಲಖನೌಗೆ ಕಳಿಸ್ತೀವಿ. ನಿಮ್ಮ ಮನೆಯಿಂದ ಯಾರಾದರೂ ಬಂದರೆ..."

"ಯಾರೂ ಬರಂಗಿಲ್ರಿ," ಎಂದ ಮರುಳಸಿದ್ದಯ್ಯ, ಹೆಂಡತಿ ಬಾಯಿ ತೆರೆಯುವ ಮೊದಲೇ.

ಕೃಷ್ಣವೇಣಿ ಹೋದ ಮೇಲೆ ಶಿವಾನಿ ತಂದೆಯನ್ನು ಹಿಡಿದಳು. "ಯಾಕಪ್ಪಾ? ಸುಳ್ಳ ಹೇಳಂತಾರೇನ?"

"ಹೇಳಿದ್ರ ಆಕಿ ಎದ್ದ ಬರ್ತಾಳೇನ? ಆ ನರ್ಸಿಂಗ್ ಹೋಮಿನ ಡಾಕ್ಟರು ನನಗ ಹದಿನೈದ ವರ್ಷದ ಗುರ್ತು. ಯಾತ್ರಿಕರಿಗಿ ಜ್ವರ ಬರ್ಲಿ, ಬಿಪಿ ಏರ್ಲಿ, ನಾ ಅಲ್ಲೇ ಕಳಸ್ತೀನಿ. ನಾಳಿ ಯಾರಿಗರೆ ಏನರೆ ಆದ್ರ ಎಲ್ಲಿಗಿ ಓಡ್ಲಿ?"

"ಭಾಭೀನ್ನ ಅಲ್ಲಿ ಸೇರಸ್ರಿ ಅಂದಾಂವ ನೀನೇ."

ಆ ಮಾತಿಗೆ ಮರುಳಸಿದ್ದಯ್ಯನ ಮುಖ ಕಪ್ಪಿಟ್ಟಿತು. ಬೀಗದ ಕೈ ಗೊಂಚಲು ತೆಗೆದುಕೊಂಡು, ಯಾರೂ ಕರೆಯದಿದ್ದರೂ, ಮಠದ ಕಡೆ ಹೊರಟುಬಿಟ್ಟ. ಅವನು ಓಣಿಯ ತಿರುವಿನಲ್ಲಿ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತದ್ದನ್ನು ಶರಣಬಸಮ್ಮ ಕಿಟಕಿಯಿಂದ ಕಂಡಳು.

"ಅಷ್ಟ ಅನಬಾರದಿತ್ತು," ಎಂದಳು ಮಗಳಿಗೆ.

"ಮತ್ತ ಯಾರಿಗಿ ಅನಬೇಕವ್ವಾ? ಭೈಯಾ ನಿನಗ ಅಂತಾನ, ನಾ ಅಪ್ಪಗ ಅಂತೀನಿ. ಆಕಿನ್ನ ಹೊರಗ ಹಾಕಿದವರಿಗಿ ಯಾರೂ ಏನೂ ಅನಂಗಿಲ್ಲ."

ಶನಿವಾರ ಶರಣಬಸಮ್ಮ ಮಗಳನ್ನು ಕೇಳಿದಳು, "ನಾಳಿ ಎಷ್ಟ ಗಂಟಿಗಿ ಅದು?"

"ಹತ್ತಕ್ಕ. ಯಾಕ?"

"ನಾ ಹೇಳ್ತೀನಿ."

"ನೀ ಹಿಂದಿಯೊಳಗ ಹ್ಯಾಂಗ ಹೇಳ್ತಿ? ನಾ ಹೇಳ್ತೀನಿ, ನೀ ಬಾಜೂಕ ಕೂಡು."

"ನೀ ಅಲ್ಲಿ ಇದ್ದಿಲ್ಲ," ಎಂದಳು ಶರಣಬಸಮ್ಮ. "ನಾ ಇದ್ದೆ."

ಭಾನುವಾರ ಅವಳು ಬಿಳಿ ಅಂಚಿನ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೂಸನ್ನು ಕುಂಚಿಗೆಯಲ್ಲಿ ಸುತ್ತಿಕೊಂಡಳು. ಮರುಳಸಿದ್ದಯ್ಯ ಬಾಗಿಲಲ್ಲಿ ಅಡ್ಡ ಕೂತಿದ್ದ. ಅವಳು ನಿಂತಳು. ಅವನು ತಲೆಯೆತ್ತದೆ ಕೈ ಚಾಚಿದ.

"ಕೂಸಿನ್ನ ಇಲ್ಲಿ ಕೊಡು. ಬಿಸಿಲಾಗ ಒಯ್ಯಬ್ಯಾಡ."

"ಹನ್ನೊಂದಕ್ಕ ಹಾಲು ಕುಡಸಬೇಕ್ರಿ. ಮೂರ ಚಮಚ."

"ಗೊತ್ತದ. ಹೋಗು."

ಶಾಲೆಯೊಂದರ ಸಭಾಂಗಣ. ನೂರು, ನೂರಿಪ್ಪತ್ತು ಜನ. ಮುಂದೆ ಮೇಜಿನ ಹಿಂದೆ ನಾಲ್ವರು, ನಡುವೆ ಒಬ್ಬ ನಿವೃತ್ತ ನ್ಯಾಯಾಧೀಶೆ. ಪ್ರತಿಯೊಬ್ಬರಿಗೆ ಐದು ನಿಮಿಷ. ಡಯಾಲಿಸಿಸ್ಸಿಗೆ ಸರದಿ ಸಿಗದೆ ತಮ್ಮನನ್ನು ಕಳೆದುಕೊಂಡವನು ಹೇಳಿದ. ಗಂಡನ ಆರೋಗ್ಯ ಕಾರ್ಡಿನಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಆಪರೇಷನ್ ಮುಂದೆ ಹೋದ ಹೆಂಗಸು ಹೇಳಿದಳು. ಎಲ್ಲರೂ ಅಳುತ್ತ ಹೇಳಿದರು. ಶರಣಬಸಮ್ಮನಿಗೆ, ನನಗೆ ಅಳು ಬರದಿದ್ದರೆ ಇವರು ನಂಬುತ್ತಾರೋ ಇಲ್ಲವೋ ಎಂಬ ಚಿಂತೆ ಹತ್ತಿತು. ಅವಳ ಹೆಸರು ಹದಿನಾಲ್ಕನೆಯದು.

ಅವಳು ಮೈಕಿನ ಮುಂದೆ ನಿಂತು ತನಗೆ ಬರುವ ಹಿಂದಿಯಲ್ಲಿ ಶುರುಮಾಡಿದಳು. ತರಕಾರಿ ಕೊಳ್ಳುವ, ರಿಕ್ಷಾ ಕರೆಯುವ ಹಿಂದಿ ಅದು. ಎರಡು ವಾಕ್ಯಕ್ಕೇ ಮುಗಿಯಿತು. ಕೃಷ್ಣವೇಣಿ ಎದ್ದು ಬಂದು, "ಕನ್ನಡದಲ್ಲೇ ಹೇಳಿ ಅಮ್ಮ, ನಾನು ಹಿಂದಿಯಲ್ಲಿ ಹೇಳ್ತೀನಿ," ಎಂದರು.

"ನನ್ನ ಸೊಸಿ ನೀಲಗಂಗಾ," ಎಂದಳು ಶರಣಬಸಮ್ಮ. "ಹನ್ನೊಂದಕ್ಕ ಹಡದ್ಲು. ಒಂದೂವರಿಗಿ ನನ್ನ ಕೈಯಾಗ ಕಾಗದ ಕೊಟ್ರು. ದೊಡ್ಡಾಸ್ಪತ್ರಿಗಿ ಹೋಗೋ ಚೀಟಿ ಅಂದ್ರು. ನಾ ಸಹಿ ಮಾಡ್ದೆ. ನನ್ನ ಮರ್ಜೀಲಿಂದ ಒಯ್ಲತ್ತೀನಿ ಅಂತ ಅದ್ರಾಗ ಬರದಿತ್ತಂತ. ನನಗ ಗೊತ್ತಿದ್ದಿಲ್ಲ. ಕೇಳಬೇಕಿತ್ತು, ಕೇಳ್ಲಿಲ್ಲ. ಅದು ನನ್ನ ತಪ್ಪು. ನನ್ನ ತಪ್ಪು ನಾ ಹೇಳೀನಿ. ಆದ್ರ ಹಡದ ಸೊಸಿ ರಕ್ತದಾಗ ಮಲಗಿದಾಗ ಅತ್ತಿಗಿ ಏನರೆ ಮರ್ಜೀ ಇರ್ತದೇನ್ರಿ? ಅಂಬುಲೆನ್ಸ್ ಕೊಡ್ಲಿಲ್ಲ. ಮುಂದಿನ ಆಸ್ಪತ್ರಿಗಿ ಒಂದ ಫೋನ್ ಮಾಡ್ಲಿಲ್ಲ. ಎರಡ ತಾಸು ನಾ ಊರಾಗ ತಿರಗ್ಯಾಡ್ದೆ. ಎರಡ ಕಡಿ ಬಾಗಲದಾಗೇ ನಿಂದರ್ಸಿದ್ರು. ರಿಕ್ಷಾದಾಗ ಆಕಿ, ಅತ್ತಿ, ಥಂಡಿ ಹತ್ಲತ್ತದ ಅಂದ್ಲು. ಹೊರಗ ಬಿಸಲು ಸುಡ್ಲತ್ತಿತ್ತು. ಅಷ್ಟೇರಿ ನಂದು."

ಕೃಷ್ಣವೇಣಿ ಅದನ್ನು ಹಿಂದಿಗೆ ತಿರುಗಿಸಿ ಹೇಳಿದರು. ಶರಣಬಸಮ್ಮ ಒಣಗಿದ ಕಣ್ಣಿನಿಂದ ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಿದ್ದಳು.

"ಕಾನೂನಿನಲ್ಲಿ ಏನಿರಬೇಕು ಅಂತೀರಿ, ಮಾತಾಜೀ?" ಎಂದು ನ್ಯಾಯಾಧೀಶೆ ಕೇಳಿದರು.

"ಕಾನೂನ ನನಗ ತಿಳಿಯಂಗಿಲ್ರಿ. ಕಾಗದ ಆಮ್ಯಾಲ ತೊಗೊಳ್ರಿ, ಮೊದಲ ರಕ್ತ ನಿಂದರ್ಸ್ರಿ. ಕಳಿಸಬೇಕಾದ್ರ ನೀವೇ ಕಳಸ್ರಿ, ನಿಮ್ಮ ಮಂದೀನ್ನ ಜೋಡಿ ಕೊಟ್ಟು. ಸಹಿ ಮಾಡೋರಿಗಿ ಅವರ ಮಾತಿನಾಗ ಓದಿ ಹೇಳ್ರಿ. ಇಷ್ಟರ ಇರ್ಲಿ."

ಇಳಿದು ಬರುವಾಗ ಅವಳಿಗೆ ಈಶ ಕಂಡ. ಹಿಂದಿನ ಬಾಗಿಲ ಹತ್ತಿರ, ಅಂಗಡಿಯ ಅಂಗಿಯಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯಲಿಲ್ಲ. ಅವಳನ್ನು ನೋಡಿದ, ಮುಖ ತಿರುಗಿಸಿದ. ಆಗಲೇ ಒಬ್ಬ ಬಿಳಿ ಗಡ್ಡದ ಮನುಷ್ಯ, ಅಂಗಡಿಗೆ ಸೀರೆ ತಂದುಕೊಡುವ ಲಲ್ಲಾಪುರದ ನೇಕಾರ, ಅವನ ತೋಳು ಹಿಡಿದು ಏನೋ ಕೇಳತೊಡಗಿದ. ಮಗಳಿಗೆ ದಿನ ತುಂಬಿವೆ, ಎಲ್ಲಿಗೆ ಒಯ್ದರೆ ಒಳ್ಳೆಯದು, ಕಾಗದ ಕೊಟ್ಟರೆ ಏನು ಮಾಡಬೇಕು. ಈಶ ಮೊದಲು ಗೊತ್ತಿಲ್ಲವೆಂದು ತಲೆಯಾಡಿಸಿದ. ಆಮೇಲೆ ಅವನ ಕೈಯಿಂದ ಮೊಬೈಲ್ ತೆಗೆದುಕೊಂಡು ತನ್ನ ನಂಬರ್ ಒತ್ತಿಕೊಟ್ಟ.

ಹೇಳಿಕೆಗಳೆಲ್ಲ ಲಖನೌಗೆ ಹೋದವು. ಕಾನೂನು ಯಾವಾಗ ಬರುತ್ತದೆ ಎಂದು ಶಿವಾನಿ ಕೇಳಿದರೆ ಕೃಷ್ಣವೇಣಿ, "ಗೊತ್ತಿಲ್ಲಮ್ಮ, ಬಿಡದೆ ಕೇಳ್ತಾ ಇರಬೇಕು," ಎಂದರು. ನರ್ಸಿಂಗ್ ಹೋಮಿನಿಂದ ಮರುಳಸಿದ್ದಯ್ಯನಿಗೆ ಒಂದು ಫೋನ್ ಬಂತು. ಮಠದ ಅಂಗಳದಲ್ಲಿ ನಿಂತು ಅವನು ಬಹಳ ಹೊತ್ತು ಕೇಳಿಸಿಕೊಂಡ. ಕೊನೆಗೆ, "ಆಕಿ ಹೇಳಿದ್ದರಾಗ ಸುಳ್ಳೇನದ, ಡಾಕ್ಟರ್ ಸಾಹೇಬ್?" ಎಂದು ಹಿಂದಿಯಲ್ಲಿ ಕೇಳಿ ಇಟ್ಟುಬಿಟ್ಟ. ಅವತ್ತಿನಿಂದ ಯಾತ್ರಿಕರನ್ನು ಅಲ್ಲಿಗೆ ಕಳಿಸಲಿಲ್ಲ. ಜ್ವರ ಬಂದ ಮುದುಕರನ್ನು ತಾನೇ ರಿಕ್ಷಾದಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲತೊಡಗಿದ. ಮನೆಯಲ್ಲಿ ಇದನ್ನು ಹೇಳಲಿಲ್ಲ. ಹಾಲಯ್ಯ ಸ್ವಾಮಿಗಳ ಬಾಯಿಂದ ತಿಳಿಯಿತು.

ಈಶ ದಾಸೋಹದಲ್ಲೇ ಉಣ್ಣುತ್ತಿದ್ದ. ತಾಯಿಯೊಡನೆ ಆಡುತ್ತಿದ್ದ ಮಾತು ಹಾಲಿನ ಪುಡಿ ಮುಗಿಯಿತೇ, ನೀರು ಬಂತೇ, ಇಷ್ಟೇ.

ಸುನ್ವಾಯಿ ಆಗಿ ಹತ್ತು ದಿನ ಕಳೆದು, ಬುಧವಾರ ಬೆಳಿಗ್ಗೆ ಎಂಟಕ್ಕೆ ಅವನ ಫೋನು ಹೊಡೆದುಕೊಂಡಿತು. ಅವನು "ಹಾಂ ಚಾಚಾ," ಎಂದ. ಕೇಳಿಸಿಕೊಂಡ. "ಎಲ್ಲೂ ಸೈನ್ ಮಾಡಬೇಡಿ, ಬಂದೆ," ಎಂದು ಹಿಂದಿಯಲ್ಲಿ ಹೇಳಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಣಿಗೆ ಇಳಿದ. ಶರಣಬಸಮ್ಮ ಏನೂ ಕೇಳಲಿಲ್ಲ. ಬಟ್ಟೆ ಒಗೆದಳು, ಕೂಸಿಗೆ ಎಣ್ಣೆ ತಿಕ್ಕಿದಳು, ಬೇಳೆ ಬೇಯಿಸಿದಳು. ಹನ್ನೆರಡಾಯಿತು, ಎರಡಾಯಿತು. ಅಂಗಡಿಯಿಂದ ಫೋನ್ ಬಂದಾಗ ಶಿವಾನಿ, ಭೈಯಾಗೆ ಹುಷಾರಿಲ್ಲ ಎಂದಳು.

ನಾಲ್ಕರ ಸುಮಾರಿಗೆ ಅವನು ಬಂದ. ಅಂಗಿಯೆಲ್ಲ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅಡುಗೆಮನೆಯ ಬಾಗಿಲಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತ.

"ಆ ನೇಕಾರ ಚಾಚಾನ ಮಗಳಿದ್ದ ಆಸ್ಪತ್ರ್ಯಾಗೂ ಹಾಂಗೇ ಕಾಗದ ತಂದ್ರು," ಎಂದ, ಯಾರನ್ನೂ ನೋಡದೆ. "ನಾ ಜೋರಾಗಿ ಓದಿ ಹೇಳ್ದೆ. ಎಲ್ಲಾರೂ ಕೇಳಂಗ. ಸೈನ್ ಮಾಡಂಗಿಲ್ಲ, ಕಳಸೋದಿದ್ರ ಅಂಬುಲೆನ್ಸ್ ತರಸ್ರಿ, ದೊಡ್ಡಾಸ್ಪತ್ರಿಗಿ ಫೋನ್ ಹಚ್ರಿ ಅಂದೆ. ಜಗಳ ಆಯ್ತು. ಕಡಿಗಿ ಅಂಬುಲೆನ್ಸ್ ತರಸಿದ್ರು. ಹೋಗೂದ್ರಾಗ ಅಲ್ಲಿ ರಕ್ತ ತಯಾರಿತ್ತು."

"ಆಕಿ?" ಎಂದಳು ಶರಣಬಸಮ್ಮ.

"ಛಲೋ ಅದಾಳ. ಗಂಡು ಹುಟ್ಯಾದ."

ಶಿವಾನಿ ನೀರು ತಂದುಕೊಟ್ಟಳು. ಅವನು ಕುಡಿದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ. ಒಳಗೆ ಕೂಸು ಎದ್ದು ಕುಯ್‌ಗುಡತೊಡಗಿತು, ಶಿವಾನಿ ಅತ್ತ ಹೋದಳು. ಈಶ ತಾಯಿಯ ಕಡೆ ತಿರುಗಿದ.

"ಅವ್ವಾ, ಅವತ್ತ ಮುಂಜಾನಿ ಆಕಿ ಏನರೆ ತಿಂದಿದ್ಲಾ?"

ಒಂದೂವರೆ ತಿಂಗಳಲ್ಲಿ ಅವನು ಆ ದಿನದ ಬಗ್ಗೆ, ಕಾಗದವೊಂದನ್ನು ಬಿಟ್ಟು, ಬೇರೇನನ್ನೂ ಕೇಳಿರಲಿಲ್ಲ. ಶರಣಬಸಮ್ಮ ಒಲೆ ಆರಿಸಿ ಅವನೆದುರು ಬಂದು ಕೂತಳು.

"ಚುರುಮುರಿ ಸುಸಲಾ ಮಾಡಿದ್ದೆ. ಎರಡ ಸಲ ಹಾಕಿಸ್ಕೊಂಡ್ಲು. ಈಶಗ ಒಂದೀಟ ಇಡಮು ಅಂದೆ. ಬ್ಯಾಡತ್ತಿ, ಅಂವಾ ಲಖನೌದಾಗ ಕಚೋರಿ ತಿನ್ಕೋತ ಕುಂತಿರ್ತಾನ ಅಂತ ನಕ್ಕಳು."

ಈಶ ಲೋಟವನ್ನು ನೆಲಕ್ಕಿಟ್ಟ.

"ಆಮ್ಯಾಲ?" ಎಂದ.

ಶರಣಬಸಮ್ಮ ಹೇಳತೊಡಗಿದಳು.